ಹಂಚಿನ ಮೇಲಿನ ಹಲ್ಲುಪುಡಿ

ಹೋದ ಮಂಗಳವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದಾಗ ಕೆಳಗಿನ ಮನೆಯ ಕಿಟಕಿಯಿಂದ ಒಂದು ಘಾಟು ಮೇಲೇರಿ ಬಂತು. ಮೆಣಸಿನಕಾಯಿಯದಲ್ಲ, ಸೀದ ರೊಟ್ಟಿಯದೂ ಅಲ್ಲ. ಒಣಗಿದ ಎಲೆ ಹಂಚಿನ ಮೇಲೆ ನಿಧಾನವಾಗಿ ಕಪ್ಪಾಗುವಾಗ ಬರುವ, ಗಂಟಲಲ್ಲಿ ಕೂತುಬಿಡುವ ವಾಸನೆ. ಒದ್ದೆ ದಿಂಬಿನ ಚೀಲ ಕೈಯಲ್ಲೇ ಉಳಿಯಿತು. ಆ ಮನೆ ಬಹಳ ದಿನ ಖಾಲಿ ಇತ್ತು. ಹೊಸಬರು ಬಂದು ವಾರವೂ ಆಗಿರಲಿಲ್ಲ. ಆದರೂ ಒಂದು ಕ್ಷಣ, ವೈನಿ ಎದ್ದಿದ್ದಾರೆ ಅನ್ನಿಸಿತು...

ವೈನಿ, ಅಂದರೆ ಅತ್ತಿಗೆ, ಎಂದು ನಾನು ಕರೆಯುತ್ತಿದ್ದದ್ದು ಮೊದಲು ಆ ಮನೆಯಲ್ಲಿದ್ದವರನ್ನು. ಬಂಧುತ್ವವೇನಿಲ್ಲ. ನಾನು ಧಾರವಾಡದವಳು, ಅವರ ತವರು ನಿಪ್ಪಾಣಿ ಕಡೆ. ಗೋವೆಯ ಫೋಂಡಾದ ಈ ಕಟ್ಟಡದಲ್ಲಿ ಆಗ ಕನ್ನಡ ಮಾತಾಡುವ ಮನೆ ನಮ್ಮವೆರಡೇ. ಅವರ ಯಜಮಾನರು, ನಾನು ಅಣ್ಣಾರು ಅನ್ನುತ್ತಿದ್ದವರು, ಉಸಗಾಂವದ ಹತ್ತಿರ ಒಂದು ಗಣಿ ಕಂಪನಿಯ ಆಫೀಸಿನಲ್ಲಿದ್ದರು. ಸಂಬಳ ತರುವುದು ಅವರ ಕೆಲಸ, ತಂದದ್ದನ್ನು ನಿಲ್ಲಿಸುವುದು ವೈನಿಯ ಕೆಲಸ.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇಂಗ್ಲಿಷ್ ಪದ್ಯಗಳು ಬಾಯಿಗೆ ಬರುತ್ತಿದ್ದವು, ಕಸೂತಿ ಬರುತ್ತಿತ್ತು. ತೆರಿಗೆ ಎಂದರೇನು ಗೊತ್ತಿರಲಿಲ್ಲ. ಕಲಿಸಿದವರು ವೈನಿ. ಮಳೆಗಾಲಕ್ಕೆ ಮೊದಲು ಇಲ್ಲಿಯವರು ಒಣಮೀನು, ಉಪ್ಪು, ಮೆಣಸಿನಕಾಯಿ ಕೂಡಿಡುತ್ತಾರೆ, ಪುರುಮೆಂತ್ ಅನ್ನುತ್ತಾರೆ. "ತೆರಿಗಿ ಉಳಸೂದೂ ಪುರುಮೆಂತ್ ಇದ್ದಂಗ ನೋಡವಾ. ಮಳಿ ಹಣಕಿದ ಮ್ಯಾಲೆ ಮೀನ ಒಣಗಸಾಕ ಹ್ವಾದ್ರ ನಾರ್ತಾವ. ಮಾರ್ಚ್‌ದಾಗ ಓಡ್ಯಾಡಬ್ಯಾಡ, ಏಪ್ರಿಲ್‌ದಾಗ ಲೆಕ್ಕಕ್ಕ ಕೂಡು" ಅಂದಿದ್ದರು. ಠೇವಣಿಯ ಬಡ್ಡಿಯಲ್ಲಿ ಬ್ಯಾಂಕಿನವರು ತೆರಿಗೆ ಹಿಡಿಯದಂತೆ ವರ್ಷದ ಆರಂಭದಲ್ಲೇ ಬರೆದುಕೊಡಬೇಕು ಎಂಬುದನ್ನೂ ಅವರೇ ಹೇಳಿಕೊಟ್ಟದ್ದು. ನಮ್ಮವರು ಇಂದಿಗೂ ಇದೆಲ್ಲ ನನ್ನ ಜಾಣತನವೆಂದೇ ತಿಳಿದಿದ್ದಾರೆ.

ಈ ಮಾತುಗಳೆಲ್ಲ ನಡೆಯುತ್ತಿದ್ದದ್ದು ಮಧ್ಯಾಹ್ನ ಊಟವಾದ ಮೇಲೆ, ಅವರ ಹಿತ್ತಲ ಕಟ್ಟೆಯ ಮೇಲೆ. ಮಾತಿನ ನಡುವೆ ವೈನಿ ಸೊಂಟದಿಂದ ಒಂದು ಪುಟ್ಟ ಡಬ್ಬಿ ತೆಗೆದು, ಕಪ್ಪು ಪುಡಿಯನ್ನು ತೋರುಬೆರಳಿಗೆ ಹಚ್ಚಿಕೊಂಡು ಹಲ್ಲಿಗೆ ನಿಧಾನವಾಗಿ ತಿಕ್ಕುತ್ತಿದ್ದರು. ಮಿಸ್ರಿ. ತವರಿನಿಂದ ಬಂದ ಎಲೆಯನ್ನು ಹಂಚಿನ ಮೇಲೆ ಹುರಿದು, ಕುಟ್ಟಿ, ಸೋಸಿ ಇಟ್ಟದ್ದು. ಅವರ ತಾಯಿ ತಿಕ್ಕುತ್ತಿದ್ದರು, ಅಜ್ಜಿ ತಿಕ್ಕುತ್ತಿದ್ದರು. ಹಲ್ಲು ಗಟ್ಟಿ ಇರುತ್ತವೆ ಎಂದು ಆ ಕಡೆ ಎಲ್ಲರ ಮಾತು. ನಾನೂ ಅದನ್ನು ಹಲ್ಲುಪುಡಿ ಎಂದೇ ತಿಳಿದಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ತೋರಿಸಿದ್ದ ದುಶ್ಚಟದ ಚಿತ್ರದಲ್ಲಿ ಸಿಗರೇಟು ಹಿಡಿದ ಗಂಡಸಿದ್ದ. ಸೀರೆ ಉಟ್ಟು ಕಟ್ಟೆಯ ಮೇಲೆ ಕೂತ ಹೆಂಗಸು ಇರಲಿಲ್ಲ.

ಆಸ್ಪತ್ರೆಯ ವಿಮೆ ಮಾಡಿಸಬೇಕೆಂದು ಹಟ ಹಿಡಿದವರೂ ವೈನಿಯೇ. ಗಣಿಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದ ಹೊತ್ತು. ಕಂಪನಿಯ ವಿಮೆ ಇದೆಯಲ್ಲ ಎಂದು ಅಣ್ಣಾರು ಗೊಣಗಿದರು. "ಕಂಪನಿ ಬಾಗಲಾ ಹಾಕಿದ ದಿನಾ ಅದರ ವಿಮಾನೂ ಬಾಗಲಾ ಹಾಕ್ತದ್ರಿ. ನಮ್ಮ ಛತ್ರಿ ನಮ್ಮ ಕೈಯಾಗಿರ್ಲಿ" ಎಂದರು ವೈನಿ. ಅವರ ಮಾತು ಎಷ್ಟು ಸರಿಯಿತ್ತೆಂದರೆ...

ಏಜೆಂಟರು ಬಂದ ದಿನ ನಾನೂ ಅಲ್ಲಿದ್ದೆ. ಕಾರವಾರ ಕಡೆಯವರು, ಒಳ್ಳೆಯ ಮನುಷ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲ ಕೇಳಿ, "ತಂಬಾಕು, ಸಿಗರೇಟು, ಗುಟ್ಕಾ ಏನಾದ್ರೂ ಇದೆಯಾ ಅಕ್ಕಾ?" ಅಂದರು.

"ಅಯ್ಯ, ನಮ್ಮನಿಯಾಗ ಯಾರಿಗೂ ಅಂಥಾ ಚಟ ಇಲ್ರಿ. ಇವರಿಗೊಂದು ಚಹಾದ್ದ ಬಿಟ್ರ!"

ಎಲ್ಲರೂ ನಕ್ಕೆವು. ವೈನಿ ನಗುವಾಗ ವಸಡಿನ ಅಂಚಿಗೆ ಕಾಡಿಗೆ ಎಳೆದಂಥ ಒಂದು ಗೆರೆ ಕಂಡಿತು. ಅದು ಯಾವಾಗಲೂ ಇರುತ್ತಿತ್ತು, ಹಣೆಯ ಕುಂಕುಮದ ಹಾಗೆ. ಕಂಡೂ ಯಾರಿಗೂ ಕಾಣಲಿಲ್ಲ.

ಮುಂದಿನದು ಸಣ್ಣ ಸಣ್ಣದಾಗಿ ಬಂತು. ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಇಲ್ಲದೆ ಉಣ್ಣದ ವೈನಿ ಮೊಸರು ಕೇಳತೊಡಗಿದರು. ಚಹಾವನ್ನು ಬಸಿಯಲ್ಲಿ ಆರಿಸಿ, ಒಂದೇ ಕಡೆಯಿಂದ ಗುಟುಕರಿಸುತ್ತಿದ್ದರು. ಒಂದು ಸಂಕ್ರಾಂತಿಗೆ ನಾನು ಕೊಟ್ಟ ಎಳ್ಳಿನ ಉಂಡೆಯನ್ನು ಪುಡಿ ಮಾಡಿ, ಚಿಟಿಕೆ ಚಿಟಿಕೆಯಾಗಿ ಒಳಗೆ ತಳ್ಳಿಕೊಂಡರು. ಬಾಯಿ ಅಷ್ಟೇ ತೆರೆಯುತ್ತಿತ್ತು. ಕೆನ್ನೆಯ ಒಳಗೆ ಬಿಳಿ ಕಲೆ ಎದ್ದಿದೆ, ಉಷ್ಣ, ಅಂದರು.

ಉಷ್ಣವಾಗಿರಲಿಲ್ಲ. ದೊಡ್ಡ ಆಸ್ಪತ್ರೆಯ ಡಾಕ್ಟರು ಕೆನ್ನೆಯೊಳಗೆ ಬೆಳಕು ಬಿಟ್ಟು ನೋಡಿ, ಹಲ್ಲಿಗೆ ಏನು ಹಚ್ಚುತ್ತೀರಿ ಎಂದು ಕೇಳಿದರಂತೆ. ವೈನಿ ಸಂಕೋಚವಿಲ್ಲದೆ, ಲಗ್ನಕ್ಕೆ ಮೊದಲಿನಿಂದಲೂ ಮಿಸ್ರಿ ತಿಕ್ಕುತ್ತೇನೆ ಅಂದರು. ಆ ಎಲೆ ತಂಬಾಕಿನದೆಂದು ಡಾಕ್ಟರಿಗೆ ಗೊತ್ತಿತ್ತು, ಹಾಗೆಯೇ ಬರೆದುಕೊಂಡರು: ಬಹುಕಾಲದಿಂದ ತಂಬಾಕು. ಅದನ್ನು ಓದಿದ ವಿಮೆಯವರು, ತಂಬಾಕಿನ ವಿಷಯ ಮುಚ್ಚಿಟ್ಟಿದ್ದೀರಿ, ಖರ್ಚು ಕೊಡಲಾಗದು ಎಂದರು. ಅಷ್ಟರಲ್ಲಿ ಅಣ್ಣಾರ ಕಂಪನಿಯೂ ಬಾಗಿಲು ಹಾಕಿತ್ತು.

"ನಾ ಎರಡೂ ಸಲ ಖರೇನ ಹೇಳೇನಿ" ಅಂದರು ವೈನಿ ನನ್ನ ಮುಂದೆ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅಚ್ಚರಿ ಇತ್ತು.

ಬಂಗಾರ ಒತ್ತೆಯಿಟ್ಟು ಕೆನ್ನೆಯ ಕ್ಯಾನ್ಸರಿಗೆ ಆಪರೇಷನ್ ಆಯಿತು. ಮೂರನೆಯ ತಿಂಗಳಿಗೆ ಮತ್ತೆ ಕಾಣಿಸಿಕೊಂಡಿತು. ಇನ್ನು ಉಳಿದದ್ದು ಮಗಳ ಫಾರ್ಮಸಿ ಓದಿಗೆಂದು ಇಟ್ಟ ಠೇವಣಿ. ಅದನ್ನು ಮುರಿಸಲು ಅಣ್ಣಾರು ಹೊರಟ ಬೆಳಿಗ್ಗೆ ವೈನಿ ಬಾಗಿಲಿಗೆ ಅಡ್ಡ ಕೂತರು. ಮಾತು ತೊದಲುತ್ತಿತ್ತು, ಆದರೂ ಮೊದಲಿನ ಆ ಲೆಕ್ಕದ ದನಿಯೇ. "ಸೋರೂ ಕೊಡಕ್ಕ ಯಾರರ ನೀರ ತುಂಬತಾರೇನ್ರಿ?" ಅಣ್ಣಾರು ಚಪ್ಪಲಿ ಬಿಚ್ಚಿ ಅಲ್ಲೇ ನಿಂತುಬಿಟ್ಟರು. ವೈನಿ ಮುಂದೆ ಆಸ್ಪತ್ರೆಗೆ ಹೋಗಲಿಲ್ಲ. ಮಳೆ ಶುರುವಾಗುವ ಮೊದಲೇ ತೀರಿಕೊಂಡರು. ಮಗಳು ಓದಿದಳು, ತಂದೆಯನ್ನು ಕರೆದುಕೊಂಡು ಬೆಳಗಾವಿಗೆ ಹೋದಳು. ಠೇವಣಿ ಅವಧಿಗೆ ಒಂದು ದಿನ ಮೊದಲೂ ಮುರಿಯಲಿಲ್ಲ...

ಮಂಗಳವಾರ, ಬಟ್ಟೆ ಬಕೆಟ್ಟಿನಲ್ಲೇ ಬಿಟ್ಟು ಕೆಳಗಿಳಿದೆ. ಅದೇ ಅಡುಗೆಮನೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಂಚಿನ ಮೇಲಿನ ಎಲೆಯನ್ನು ಕೆದಕುತ್ತಿದ್ದಳು.

"ಘಾಟ ಮ್ಯಾಲೆ ಬಂತೇನ್ರಿ ಅಕ್ಕಾರ? ಹಲ್ಪುಡಿ ಮಾಡಾಕತ್ತೇನ್ರಿ. ಒಳಗ ಬರ್ರಿ."

ಮೊದಲ ಭೇಟಿಗೆ ತಕ್ಕ ಮಾತಲ್ಲ, ಕೇಳಿಯೇಬಿಟ್ಟೆ. "ಆಸ್ಪತ್ರಿ ವಿಮಾ ಮಾಡ್ಸೀರೇನವಾ?"

"ಹೋದ ತಿಂಗಳ ಮಾಡ್ಸೇವ್ರಿ. ಏನೇನ್ ಕೇಳ್ತಾರ್ರಿ ಅವ್ರು! ತಂಬಾಕ ಐತೇನು, ಚಟ ಐತೇನು ಅಂತ. ನಮ್ಮನಿಯಾಗ ಯಾರಿಗೈತ್ರಿ ಅಂಥಾದ್ದು?"

ನಕ್ಕಳು. ವಸಡಿನ ಅಂಚಿನ ಗೆರೆ ಇನ್ನೂ ತೆಳ್ಳಗಿತ್ತು.

ವೈನಿಗೆ ಹೇಳುವವರು ಯಾರೂ ಇರಲಿಲ್ಲ. ನಾನು ಹೊಸ್ತಿಲು ದಾಟಿ, ಅವಳನ್ನು ಕೇಳದೆಯೇ ಗ್ಯಾಸ್ ಆರಿಸಿದೆ. ಅವಳ ನಗು ನಿಂತಿತು. ಹಿತ್ತಲ ಕಟ್ಟೆಯ ಕಡೆ ಮುಖ ಮಾಡಿ ಕೂತು, "ಇದೂ ತಂಬಾಕನ ನೋಡವಾ" ಅಂದೆ. ಒಲೆ ಆರಿದ್ದರೂ ಹಂಚು ಬಹಳ ಹೊತ್ತು ಹೊಗೆಯಾಡುತ್ತಲೇ ಇತ್ತು.