ಟವೆಲ್ ಬಿದ್ದ ಪುಸ್ತಕಗಳು

ಬೆಳಿಗ್ಗೆ ಹನ್ನೊಂದು ಗಂಟೆ ಏಳು ನಿಮಿಷ. ಶಿವಗಂಗಾ ಜೇವರ್ಗಿ ಬಸ್ ನಿಲ್ದಾಣದಲ್ಲಿ, ತನ್ನ ಬಸ್ಸಿನ ಕೊನೆಯ ಮೆಟ್ಟಿಲ ಮೇಲೆ ನಿಂತು, ಕೈಯಲ್ಲಿದ್ದ ಇಪ್ಪತ್ತು ನಿಮಿಷಗಳನ್ನು ಹಂಚುತ್ತಿದ್ದಳು. ಕಂಟ್ರೋಲರ್ ಕೋಣೆಯಲ್ಲಿ ಸಹಿ ಹಾಕಿಸಲು ಎರಡು. ರಸ್ತೆ ದಾಟಿ ನಡೆಯಲು ಮೂರು, ತಿರುಗಿ ಬರಲು ಮೂರು. ಉಳಿದದ್ದು ಹನ್ನೆರಡು. ಆ ಹನ್ನೆರಡರಲ್ಲಿ ಬೇರೆ ಕಂಡಕ್ಟರುಗಳು ಚಹಾ ಕುಡಿಯುತ್ತಾರೆ. ಅವಳು ಪುಸ್ತಕದಂಗಡಿಗೆ ಹೋಗುತ್ತಾಳೆ.

"ಅಕ್ಕ, ಹನ್ನೊಂದು ಇಪ್ಪತ್ತೇಳಕ್ಕ ಬಸ್ ಬಿಡಾಂವ ನಾ. ನೀ ಇದ್ರೂ ಬಿಡ್ತೀನಿ, ಇಲ್ದಿದ್ರೂ ಬಿಡ್ತೀನಿ," ಎಂದ ಡ್ರೈವರ್ ಪರಮೇಶ, ಸ್ಟೇರಿಂಗಿನ ಮೇಲೆ ಗದ್ದ ಊರಿ.

"ನಾ ರೈಟ್ ಅನ್ನೋತನಕ ನೀ ಎಲ್ಲಿ ಬಿಡ್ತಿ? ಕುಂದ್ರು ಸುಮ್ನ."

ಶಿವಗಂಗಾಳಿಗೆ ಆಗ ನಲವತ್ನಾಲ್ಕು ವರ್ಷ. ನರೋಣಾದಲ್ಲಿ ಹುಟ್ಟಿ, ಮದುವೆಯಾಗಿ ಅಫಜಲಪುರಕ್ಕೆ ಬಂದು, ಇಪ್ಪತ್ತು ವರ್ಷದಿಂದ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಅವಳ ಖಾಕಿ ಕೋಟಿನ ಬಲಜೇಬಿನಲ್ಲಿ ಒಂದು ಸಣ್ಣ ನೋಟುಬುಕ್ಕು ಇರುತ್ತದೆ. ಅದರಲ್ಲಿ ಊರಿನ ಹೆಸರು, ಅದರ ಮುಂದೆ ಬಸ್ ನಿಲ್ದಾಣದಿಂದ ಪುಸ್ತಕದಂಗಡಿಗೆ ನಡೆಯಲು ಹಿಡಿಯುವ ನಿಮಿಷ. ಸೊಲ್ಲಾಪುರ, ಒಂಬತ್ತು. ಕಲಬುರಗಿ, ಎರಡು ಅಂಗಡಿ, ಆರು ಮತ್ತು ಹದಿನಾಲ್ಕು. ವಿಜಯಪುರ, ಹನ್ನೊಂದು, ಮಳೆ ಇದ್ದರೆ ಹದಿನೈದು. ಒಟ್ಟು ಇಪ್ಪತ್ತಾರು ಅಂಗಡಿ. ಡ್ಯೂಟಿಯ ಮೇಲೆ ಹೋದಾಗ ನೋಡಿದ್ದು ಕೆಲವು, ಮದುವೆ, ದವಾಖಾನೆ, ದೇವರು ಎಂದು ಮನೆಯವರ ಜೊತೆ ಹೋದಾಗ ತಪ್ಪಿಸಿಕೊಂಡು ನೋಡಿದ್ದು ಹಲವು.

ಮೊದಲನೆಯದು ಆಳಂದದಲ್ಲಿತ್ತು. ನಿಜ ಹೇಳಬೇಕೆಂದರೆ ಅದು ಗಡಿಯಾರ ರಿಪೇರಿ ಅಂಗಡಿ. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು, ಕೆಳಗೆ ಒಂದೇ ಒಂದು ಹಲಗೆಯಲ್ಲಿ ಹಳೇ ಪುಸ್ತಕ. ಅಪ್ಪನ ಕೈಗಡಿಯಾರ ದುರಸ್ತಿಯಾಗುವ ತನಕ ಒಂಬತ್ತು ವರ್ಷದ ಹುಡುಗಿ ಆ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅರ್ಧ ಪುಸ್ತಕ ಓದಿ ಮುಗಿಸಿದ್ದಳು. ಉಳಿದರ್ಧ ಓದಲು ಅಪ್ಪನ ಗಡಿಯಾರ ಮತ್ತೆ ಕೆಡಲಿ ಎಂದು ತಿಂಗಳುಗಟ್ಟಲೆ ಕಾದಿದ್ದಳು. ಅದು ಕೆಡಲೇ ಇಲ್ಲ.

ತುಳಜಾಪುರಕ್ಕೆ ಹೊರಟ ಮನೆಮಂದಿಯನ್ನು ಸೊಲ್ಲಾಪುರದಲ್ಲಿ ಊಟಕ್ಕೆ ಕೂರಿಸಿ ಒಂದು ಓಣಿಗೆ ಓಡಿದ್ದಳು. ಆ ಅಂಗಡಿಯ ಮುದುಕರಿಗೆ ಕನ್ನಡ ಓದಲು ಬಾರದು. ಕೆಳಗಿನ ಹಲಗೆಯ ಕನ್ನಡ ಪುಸ್ತಕಗಳನ್ನು ರಟ್ಟಿನ ಬಣ್ಣದ ಮೇಲೆ ಗುರುತು ಹಿಡಿಯುತ್ತಿದ್ದರು. ಆ ದಿನ ಅವಳ ಕೈಲಿ ಒಂದೊಂದರ ಹೆಸರೂ ಓದಿಸಿ, ತಾವು ಮರಾಠಿಯಲ್ಲಿ ಚೀಟಿ ಬರೆದು ಅಂಟಿಸಿಕೊಂಡರು. ಹೈದರಾಬಾದಿನಲ್ಲಿ ಒಂದು ಅಂಗಡಿ ಬರೀ ಮೆಟ್ಟಿಲು: ಕೆಳಗಿನ ಮೆಟ್ಟಿಲಲ್ಲಿ ಮಕ್ಕಳ ಪುಸ್ತಕ, ಮೇಲೇರಿದಂತೆ ಕಥೆ, ವೈದ್ಯ, ತುದಿಯಲ್ಲಿ ಕಾನೂನು. ಧಾರವಾಡದಲ್ಲಿ ಒಬ್ಬರು, ಹಿಂದಿನ ಸಲ ಏನು ಓದಿದಿ ಎಂದು ಕೇಳಿ, ಉತ್ತರ ಸರಿಬಿದ್ದರಷ್ಟೇ ಪುಸ್ತಕ ಕೊಡುತ್ತಿದ್ದರು. ಅವಳಿಗೆ ಕೊಟ್ಟರು.

"ಗುಡಿಗಿ ಹೋದ್ರ ಪುಣ್ಯ ಬರ್ತದ. ಆ ಅಂಗಡಿಗಿ ಹೋದ್ರ ನಿನಗೇನ್ ಬರ್ತದ ಬೇ?" ಎಂದು ಗಂಡ ಮಾಳಿಂಗ ಒಮ್ಮೆ ಕೇಳಿದ್ದ.

"ನಿಮ್ಮ ಮಾತು ಕೇಳಿಸಿಕೊಳ್ಳೋ ತಾಳ್ಮಿ ಬರ್ತದ," ಎಂದಿದ್ದಳು.

ಇಪ್ಪತ್ತಾರರಲ್ಲಿ ದಿನವೂ ಸಿಗುವುದು ಜೇವರ್ಗಿಯದು ಒಂದೇ. ಎಂಟು ಅಡಿ ಅಗಲ, ಹನ್ನೊಂದು ಅಡಿ ಉದ್ದ. ನಡೆಸುವವರು ನಜಮುನ್ನಿಸಾ, ಅರವತ್ತು ದಾಟಿದವರು, ಊರಿಗೆಲ್ಲ ಆಪಾ, ಅಂದರೆ ಅಕ್ಕ. ಮುಂದಿನ ಅಂಕಣದಲ್ಲಿ ಶಾಲೆಯ ಗೈಡು, ನೋಟುಬುಕ್ಕು, ಕಂಪಾಸು. ಅವು ಅಂಗಡಿಯನ್ನು ಸಾಕುತ್ತವೆ. ಹಿಂದೆ ಗೋಡೆಗೆ ಕನ್ನಡ, ಉರ್ದು, ಒಂದು ಸಾಲು ಮರಾಠಿ. ನಡುವೆ ಉದ್ದನೆಯ ಹಲಗೆಯ ಮೇಜಿನ ಮೇಲೆ ಪುಸ್ತಕಗಳು ಮುಖ ಮೇಲೆ ಮಾಡಿ ಮಲಗಿರುತ್ತವೆ. ಆ ಮೇಜಿನ ಮೇಲೆಯೇ ಟವೆಲ್ ಕಾಯ್ದೆ ನಡೆಯುವುದು.

ಈ ಭಾಗದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ದಸ್ತಿಯೆಂಬ ಕರವಸ್ತ್ರವೋ ಒಳಗೆ ಎಸೆದರೆ ಆ ಸೀಟು ಎಸೆದವನದು. ಹಳ್ಳಿಯಿಂದ ಬಂದವರು ಆಪಾನ ಅಂಗಡಿಯಲ್ಲೂ ಹಾಗೇ ಮಾಡತೊಡಗಿದ್ದರು. ಬೆಳಿಗ್ಗೆ ಬಸ್ಸಿಳಿದವರು ಪುಸ್ತಕ ಆರಿಸುತ್ತಾರೆ. ಆದರೆ ತಹಸೀಲ ಕಚೇರಿಗೆ, ದವಾಖಾನೆಗೆ, ಸಂತೆಗೆ ಅದನ್ನು ಹೊತ್ತು ತಿರುಗುವವರು ಯಾರು? ಆರಿಸಿದ ಪುಸ್ತಕದ ಮೇಲೆ ಟವೆಲ್ ಹಾಕಿ ಹೋಗುತ್ತಾರೆ. ನಾಲ್ಕರ ಮೇಲೆ, ಊರಿನ ಬಸ್ಸು ಬರುವ ಮುಂಚೆ, ಟವೆಲ್ ತೆಗೆದು ಪುಸ್ತಕ ಒಯ್ಯುತ್ತಾರೆ. ಒಂದು ಟವೆಲ್ಲಿಗೆ ಒಂದೇ ಪುಸ್ತಕ. ಏಳು ದಿನ ಬರದಿದ್ದರೆ ಆಪಾ ಟವೆಲ್ ಒಗೆದು ಮಡಿಸಿಡುತ್ತಾರೆ, ಪುಸ್ತಕ ಮತ್ತೆ ಎಲ್ಲರದು. ಇದನ್ನು ಯಾರೂ ಬರೆದು ಅಂಟಿಸಿಲ್ಲ. ಯಾರೂ ಮುರಿದದ್ದನ್ನು ಶಿವಗಂಗಾ ಕಂಡಿಲ್ಲ.

ಆ ದಿನ ಹನ್ನೊಂದು ಹನ್ನೆರಡಕ್ಕೆ ಅವಳು ಒಳಗೆ ಕಾಲಿಟ್ಟಾಗ ಕಟ್ಟಡದ ಮಾಲೀಕರಾದ ದೌಲತರಾಯರು ಟೇಪು ಹಿಡಿದು ಬಾಗಿಲ ಅಗಲ ಅಳೆಯುತ್ತಿದ್ದರು. ಹತ್ತಿರದ ಅಂದೋಲಾ ಊರಿನವರು, ತೊಗರಿ ವ್ಯಾಪಾರಿ, ಹೆಗಲ ಮೇಲೆ ಸದಾ ಕೆಂಪಂಚಿನ ಬಿಳಿ ಟವೆಲ್. ಆಪಾ ಮೂಲೆಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು.

"ಏನ್ ಅಳಿಯಾಕತ್ತೀರಿ ಸಾವ್ಕಾರ್ರ?"

"ಮೊಬೈಲ್ ಅಂಗಡಿಯಾಂವ ಗ್ಲಾಸಿನ ಬಾಗಲಾ ಕೂಡಸ್ತಾನಂತ. ಯುಗಾದಿಗಿ ಆಪಾ ಖಾಲಿ ಮಾಡ್ತಾರ."

"ಅವ್ರು ಬಾಡಿಗಿ ಹೆಚ್ಚು ಕೊಡ್ತಾರೇನ್ರಿ?"

"ಬಾಡಿಗಿ ಎರಡೂ ಒಂದ. ಅದ ಮಾತಲ್ಲವಾ. ನಾ ದಿನಾ ಒಂದರಿಂದ ಮೂರರ ತನಕ ಎದುರಿನ ತೊಗರಿ ಅಡತಿ ಅಂಗಡ್ಯಾಗ ಕುಂದರ್ತೀನಿ. ಎರಡು ವರ್ಷ ಆತು, ನಾ ನೋಡೂ ಹೊತ್ತಿನಾಗ ಒಬ್ಬ ಮನಷಾ ಇದರೊಳಗ ಹೋಗಿಲ್ಲ. ಸತ್ತ ಅಂಗಡಿ ಮುಂದ ಇಟಗೊಂಡು ಕಟ್ಟಡ ಹ್ಯಾಂಗ ಉದ್ಧಾರ ಆಗ್ಬೇಕು? ಮ್ಯಾಲ ದಿನಾ ಇಲ್ಲೇ ಅರಿವಿ ಬ್ಯಾರೆ ಒಣಹಾಕ್ತಾರ."

ಮೇಜಿನ ಮೇಲೆ ಅಷ್ಟು ಹೊತ್ತಿಗೆ ಆರು ಟವೆಲ್ ಬಿದ್ದಿದ್ದವು. ಶಿವಗಂಗಾ ಆಪಾನ ಕಡೆ ನೋಡಿದಳು. ಟವೆಲ್ಲಿನ ಕಾಯ್ದೆ ಹೇಳಲು ಬಾಯಿ ತೆರೆದ ಅವರನ್ನು ಕಣ್ಣಲ್ಲೇ ತಡೆದಳು.

"ಒಂದರಿಂದ ಮೂರು ಈ ಊರಿಗೆ ಬರೂ ಬಸ್ಸು ಎರಡ್ರಿ," ಎಂದಳು ಶಿವಗಂಗಾ. "ಒಂಬತ್ತರಿಂದ ಹನ್ನೆರಡರ ತನಕ ಹದಿನಾಲ್ಕು. ನಾಲ್ಕರ ಮ್ಯಾಲ ಮತ್ತ ಎಲ್ಲಾ ಹೊಳ್ಳಿ ಹೋಗ್ತಾವ. ನೀವು ಬಾವಿ ಬತ್ತಿದ ಹೊತ್ತಿನಾಗ ಹಗ್ಗ ಬಿಟ್ಟು ನೀರಿಲ್ಲ ಅನ್ನಾಕತ್ತೀರಿ."

"ಹಂಗಾರ ನಾ ಬೆಳಿಗ್ಗೆ ಬಂದು ಕುಂದ್ರಬೇಕೇನು? ನನಗ ಬ್ಯಾರೆ ಕೆಲಸ ಇಲ್ಲ?"

"ಬ್ಯಾಡ್ರಿ. ನಿಮ್ಮ ಹೊತ್ತಿಗೇ ಬರ್ರಿ. ಮುಂದಿನ ಸಂತಿ ದಿನ, ಒಂದು ಗಂಟೆಗೆ. ಎಷ್ಟು ಮಂದಿ ಅದಾರ ನಾ ಎಣಿಸಿ ಕೊಡ್ತೀನಿ. ಅಂಗಡಿ ಸತ್ತದ ಅಂತ ಆವಾಗೂ ಅನಿಸಿದ್ರ ಆಪಾನ ಸಾಮಾನು ನಾನೇ ಹೊತ್ತು ಹಾಕ್ತೀನಿ. ಇಲ್ಲಾಂದ್ರ ನಿಮ್ಮ ಗ್ಲಾಸಿನ ಬಾಗಲಾ ಬ್ಯಾರೆ ಕಡೆ ಕೂಡಸ್ಬೇಕು."

ದೌಲತರಾಯರು ಟೇಪು ಸುತ್ತಿ ಮೇಜಿನ ತುದಿಗಿಟ್ಟು ನಕ್ಕರು. "ಒಂದು ಗಂಟೆಗೆ ಮಂದಿ ತೋರಸ್ತಿ. ಆತು, ತೋರ್ಸು."

ಅವರು ಹೋದ ಮೇಲೆ ಆಪಾ ಎದ್ದರು. "ಬೇಟಿ, ಒಂದು ಗಂಟೆಗೆ ಇಲ್ಲಿ ನಾನೂ ಇರಂಗಿಲ್ಲ, ರೊಟ್ಟಿ ತಿನ್ನಾಕ ಹೋಗ್ತೀನಿ. ಎಲ್ಲಿಂದ ತರ್ತಿ ಮಂದಿ?"

"ಅವ್ರ ಬಾಯಿಂದನ ತರ್ತೀನಿ," ಎಂದು ಶಿವಗಂಗಾ ಗಡಿಯಾರ ನೋಡಿ ಓಡಿದಳು. ಬಸ್ಸು ಮುಟ್ಟಿದಾಗ ಹನ್ನೊಂದು ಇಪ್ಪತ್ತಾರು. ಪರಮೇಶ ಇಂಜಿನ್ ಚಾಲೂ ಮಾಡಿ ಕೂತಿದ್ದ, ಬಿಟ್ಟಿರಲಿಲ್ಲ.

ಅವಳ ನೆನಪಿನಲ್ಲಿದ್ದದ್ದು ಮೂರು ವರ್ಷ ಹಿಂದಿನ ಒಂದು ಸಂಜೆ. ಆಗ ಅವಳಿಗೆ ಕೆಲವು ತಿಂಗಳು ಜೇವರ್ಗಿ–ಅಂದೋಲಾ ಬಸ್ಸಿನ ಡ್ಯೂಟಿ ಬಿದ್ದಿತ್ತು. ದೌಲತರಾಯರು ಕಿಟಕಿಯಿಂದ ಟವೆಲ್ ಎಸೆದು ಚಹಾಕ್ಕೆ ಹೋಗಿದ್ದರು. ಬರುವಷ್ಟರಲ್ಲಿ ಬೇರೆ ಊರಿನವನೊಬ್ಬ ಟವೆಲ್ ಪಕ್ಕಕ್ಕೆ ಸರಿಸಿ ಕೂತಿದ್ದ. ಆಮೇಲೆ ಬಸ್ಸಿನಲ್ಲಿ ನಡೆದದ್ದು ಜಗಳವಲ್ಲ, ರಾಯರ ಪಾಠ. "ಟವೆಲ್ ಬಿತ್ತಂದ್ರ ನಾನೇ ಕುಂತಂಗ. ನಾ ಇಲ್ಲಿರಲಿ, ಚಹಾದಂಗಡ್ಯಾಗ ಇರಲಿ, ಕಲಬುರಗ್ಯಾಗ ಇರಲಿ. ಟವೆಲ್ ಅಂದ್ರ ಮನಷಾ." ತೀರ್ಪು ಕೊಡಬೇಕಾದವಳು ಕಂಡಕ್ಟರು. ಕೂತವನನ್ನು ಎಬ್ಬಿಸಿ ಸೀಟು ಕೊಡಿಸಿದ್ದು ಶಿವಗಂಗಾಳೇ.

ಮುಂದಿನ ಆರು ದಿನ ಅವಳು ಪ್ರತಿ ಟ್ರಿಪ್ಪಿನಲ್ಲೂ ಟಿಕೆಟ್ ಕೊಡುತ್ತ ಒಂದು ಮಾತು ಹೇಳಿದಳು: ಆಪಾನ ಅಂಗಡಿಯಲ್ಲಿ ಪುಸ್ತಕ ಬೇಕಾದವರು ಸಂತೆಯ ದಿನ ಬನ್ನಿ. ಅಷ್ಟೇ. ಪರಮೇಶನಿಗೆ ಅದು ಸಾಲಲಿಲ್ಲ.

"ಅಕ್ಕ, ಇಷ್ಟ್ಯಾಕ? ಬಸ್ ತುಂಬ ಮಂದೀನ ಇಳಿಸಿ ಒಂದೊಂದು ದಸ್ತಿ ಹಾಕಸ್ತೀನಿ. ಐದ ನಿಮಿಷದ ಕೆಲಸ."

"ಓದೂ ಮನಸ್ಸಿಲ್ಲದವ್ರ ದಸ್ತಿ ಟಿಕೆಟ್ ಇಲ್ಲದ ಪ್ಯಾಸೆಂಜರ್ ಇದ್ದಂಗ. ನಾ ಎಣಸಂಗಿಲ್ಲ."

"ಕಡಿಮಿ ಬಿದ್ರ?"

"ಕಡಿಮಿ ಬಿದ್ರ ಕಡಿಮಿ."

ಸಂತೆಯ ದಿನ ರಜೆ ಹಾಕಿ, ಖಾಕಿ ಬಿಟ್ಟು ಇಳಕಲ್ ಸೀರೆಯಲ್ಲಿ ಬಂದಳು. ಹತ್ತು ಗಂಟೆಗೆ ಮೇಜಿನ ಮೇಲೆ ಎಂಟು ಟವೆಲ್. ಹತ್ತೂವರೆಗೂ ಎಂಟೇ. ನೋಟುಬುಕ್ಕಿನಲ್ಲಿ ಬರೆದ ಎಂಟನ್ನೇ ಪೆನ್ಸಿಲಿನಿಂದ ಮತ್ತೆ ಮತ್ತೆ ತಿದ್ದಿದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಈ ಅಂಗಡಿಗೆ ಹೆಂಗಸರು ಬರುವುದು ಹೆಚ್ಚಿತ್ತು. ಹನ್ನೊಂದರ ಬಸ್ಸುಗಳಲ್ಲಿ ಅವರು ಬಂದರು. ಟವೆಲ್ ಇಲ್ಲದವರು ದಸ್ತಿ ಹಾಕಿದರು, ದುಪಟ್ಟಾ ಹಾಕಿದರು, ಒಬ್ಬಳು ನರ್ಸು ಬಿಳಿ ಟೋಪಿ ತೆಗೆಯಲು ಹೋಗಿ, ಡ್ಯೂಟಿಗೆ ಬೇಕೆಂದು ನೆನಪಾಗಿ, ಊಟದ ಡಬ್ಬಿ ಕಟ್ಟಿದ ಬಟ್ಟೆ ಬಿಚ್ಚಿ ಹಾಸಿದಳು. ಹನ್ನೆರಡಕ್ಕೆ ಮೂವತ್ತೊಂದು, ಆಮೇಲೂ ಒಂದೊಂದು ಬೀಳುತ್ತಲೇ ಇತ್ತು.

ಹನ್ನೆರಡೂವರೆಗೆ ಮಣ್ಣೂರಿನ ಹಣಮವ್ವ ಬಂದಳು. ಎಪ್ಪತ್ತರ ಮುದುಕಿ, ಓದು ಬಾರದು. ಸಂಜೆ ಮೊಮ್ಮಗಳು ಓದಿ ಹೇಳುತ್ತಾಳೆ, ಪುಸ್ತಕ ಆರಿಸುವುದು ಮಾತ್ರ ಅಜ್ಜಿ. ಕೈಯಲ್ಲಿ ತೂಗಿ ನೋಡಿ ದಪ್ಪನೆಯದೊಂದನ್ನು ಹಿಡಿದಳು. ಹಾಕಲು ಏನೂ ಇಲ್ಲ. ಸೊಂಟದಿಂದ ಎಲೆಯಡಿಕೆಯ ಸಂಚಿ ಬಿಚ್ಚಿ ಪುಸ್ತಕದ ಮೇಲೆ ಇಟ್ಟಳು.

"ಯಾರೂ ಮುಟ್ಟಬ್ಯಾಡ್ರಿ ಮತ್ತ. ಒಳಗ ತಂಬಾಕಾ ಅದ, ಎಣಿಸೀನಿ."

"ಎಲಿ ಇಲ್ದ ನಾಲ್ಕು ಗಂಟೆ ತನಕ ಹ್ಯಾಂಗ ಇರ್ತಿ ಯವ್ವಾ?" ಎಂದಳು ಶಿವಗಂಗಾ.

"ಇರ್ತೀನಿ ತಗೋ. ಹೋದ ಸಲ ಕಥಿ ಅರ್ಧಕ್ಕ ನಿಂತಾಗ ಒಂದು ವಾರ ಇದ್ದೀನಿ."

ಒಂದು ಗಂಟೆಗೆ ಸರಿಯಾಗಿ ದೌಲತರಾಯರು ಬಂದರು. ಹಿಂದೆ ಅಡತಿ ಅಂಗಡಿಯ ನಾಲ್ಕಾರು ಜನ, ತಮಾಷೆ ನೋಡಲು. ಅಂಗಡಿಯಲ್ಲಿ ಇದ್ದದ್ದು ಇಬ್ಬರೇ: ಆ ದಿನ ರೊಟ್ಟಿಗೆ ಹೋಗದ ಆಪಾ ಮತ್ತು ಶಿವಗಂಗಾ.

"ಎಲ್ಯವಾ ಮಂದಿ?" ಎಂದು ಅವರು ಮೇಜು ನೋಡಿದರು. "ಇವತ್ತಂತೂ ಪೂರಾ ಅರಿವಿ ಅಂಗಡೀನ ಮಾಡೀರಲ್ಲ." ಒಂದು ಟವೆಲ್ಲಿನ ತುದಿ ಎತ್ತಲು ಕೈ ಚಾಚಿದರು.

"ಕೈ ಹಚ್ಚಬ್ಯಾಡ್ರಿ. ಅಲ್ಲಿ ಮನಷಾ ಕುಂತಾನ."

"ಏನಂದಿ?"

"ಮಂದಿ ಕಚೇರ್ಯಾಗ ಅದಾರ, ದವಾಖಾನ್ಯಾಗ ಅದಾರ, ಸಂತ್ಯಾಗ ಅದಾರ. ಟವೆಲ್ ಇಲ್ಲಿ ಅದಾವ. ಟವೆಲ್ ಬಿತ್ತಂದ್ರ ನಾನೇ ಕುಂತಂಗ, ಟವೆಲ್ ಅಂದ್ರ ಮನಷಾ. ಅಂದೋಲಾ ಬಸ್ಸಿನಾಗ ಯಾರೋ ಹಿರ್ಯಾರು ಹೇಳಿದ್ರು. ನಾನೂ ಹೌದಂದು ಒಬ್ಬನ್ನ ಎಬ್ಬಿಸೀನಿ. ಆ ಮಾತು ಸುಳ್ಳಾಗಿದ್ರ ಈಗ ಹೇಳ್ರಿ, ಅವಂಗ ತಪ್ಪಾತು ಅಂತ ಹೇಳಿ ಬರ್ತೀನಿ."

ಹಿಂದೆ ನಿಂತವರಲ್ಲಿ ಒಬ್ಬ ನಕ್ಕ. ದೌಲತರಾಯರ ಕೈ ತಾನಾಗಿ ಹೆಗಲ ಟವೆಲ್ಲಿಗೆ ಹೋಯಿತು. ಮೇಜು ನೋಡಿದರು. ಎರಡು ವರ್ಷ ರಸ್ತೆಯ ಆಚೆಯಿಂದ ತಾವು ಒಣಹಾಕಿದ ಬಟ್ಟೆ ಎಂದುಕೊಂಡದ್ದು ಏನೆಂಬುದು ಅವರಿಗೆ ಒಂದೊಂದಾಗಿ ಹೊಳೆಯುತ್ತಿತ್ತು. ಆಮೇಲೆ, ತೊಗರಿ ಚೀಲ ಎಣಿಸುವ ಹಾಗೆ, ಬೆರಳು ಚಾಚಿ, ಏನನ್ನೂ ಮುಟ್ಟದೆ, ಈ ತುದಿಯಿಂದ ಆ ತುದಿಗೆ ಎಣಿಸುತ್ತ ಹೋದರು. ಸಂಚಿಯ ಮುಂದೆ ನಿಂತರು.

"ಇದೇನು?"

"ಮಣ್ಣೂರ ಹಣಮವ್ವಂದು."

"ಇದು ಟವೆಲ್ ಅಲ್ಲ."

"ಬಾಯಾಗಿನ ಎಲಿ ಬಿಟ್ಟು ಹೋಗ್ಯಾಳ್ರಿ ಆಕಿ. ಟವೆಲಿಗಿಂತ ಗಟ್ಟಿ."

"ಸಂಚಿ ಸಂಚಿನ. ಕಾಯ್ದೆ ಟವೆಲಿಂದು. ಮೂವತ್ತೆಂಟು." ಅಷ್ಟು ಹೇಳಿ ಅವರು ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ತಿರುಗಿ, "ಆಪಾ, ಆವತ್ತು ಟೇಪು ನಿಮ್ಮ ಮೇಜಿನ ಮ್ಯಾಲ ಮರತು ಹೋಗಿದ್ದೆ. ಕೊಡ್ರಿ. ಇಲ್ಲಿ ಅದರ ಕೆಲಸ ಮುಗೀತು," ಎಂದರು.

ಯುಗಾದಿ ಬಂದು ಹೋಯಿತು. ಮೊಬೈಲ್ ಅಂಗಡಿ ಅದೇ ಕಟ್ಟಡದ ಹಿಂದಿನ ಕೋಣೆಗೆ ಬಂತು, ಗಾಜಿನ ಬಾಗಿಲ ಸಮೇತ. ಆಪಾ ಹಳೇ ಜಾಗದಲ್ಲೇ ಇದ್ದಾರೆ. ಶಿವಗಂಗಾಳ ಹನ್ನೆರಡು ನಿಮಿಷ ಹಾಗೇ ನಡೆದಿದೆ. ದೌಲತರಾಯರು ಈಗಲೂ ಒಂದರಿಂದ ಮೂರು ಎದುರಿಗೆ ಕೂರುತ್ತಾರೆ, ಯಾರಾದರೂ ಆ ಅಂಗಡಿ ಮುಚ್ಚಿದೆಯೇ ಎಂದರೆ ಅವರೇ ಟವೆಲ್ ತೋರಿಸಿ ತಿಳಿಹೇಳುತ್ತಾರೆ. ಲೆಕ್ಕ ಮಾತ್ರ ಬಿಟ್ಟುಕೊಟ್ಟಿಲ್ಲ. ಆ ದಿನ ಮೂವತ್ತೆಂಟೇ ಎನ್ನುತ್ತಾರೆ.

ಶಿವಗಂಗಾ ಅದಕ್ಕೆ ವಾದ ಮಾಡುವುದಿಲ್ಲ. ಮಾಡಬೇಕಾದ ವಾದವನ್ನು ಅವಳು ಅಂದೇ ಮಾಡಿ ಮುಗಿಸಿದ್ದಳು. ರಾಯರು ರಸ್ತೆಯ ನಡುವೆ ಇದ್ದಾಗ, ಅಂಗಡಿಯ ಹೊಸ್ತಿಲ ಮೇಲೆ ನಿಂತು, ಕೊನೆಯ ಸೀಟಿಗೂ ಕೇಳುವಂತೆ ಊರಿನ ಹೆಸರು ಕೂಗುವ ಅದೇ ದನಿಯಲ್ಲಿ, ಹಣಮವ್ವನನ್ನೂ ಸೇರಿಸಿ ಹೇಳಿದ್ದಳು: "ಮೂವತ್ತೊಂಬತ್ತು."