ನಿನ್ನನ್ನು ನೋಡುತ್ತಿದ್ದ ಆ ಗಂಡಸು

ಮೇಘಾ, ಆ ಗಂಡಸು ನಾನೇ. ಏಳು ವರ್ಷದ ಹಿಂದೆ ನಿನ್ನ ಫೋನಿಗೆ ಹೊಲಸು ಬರೆದು ಕಳಿಸಿದವನು, ದಿನಾ ನಿನ್ನನ್ನು ನೋಡುತ್ತಿದ್ದೇನೆ ಎಂದು ಹೆದರಿಸಿದವನು ಯಾವ ಪೋಲಿಯೂ ಅಲ್ಲ — ನಿನ್ನ ಸೋದರತ್ತೆ. ಡೋಂಬಿವಲಿಯ ಈ ಬಿಲ್ಡಿಂಗಿನಲ್ಲಿ, ನಿಮ್ಮ ಮನೆಯ ಕೆಳಗಿನ ಮನೆಯಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂತು ಹಾಡುಹಗಲೇ ಬರೆದೆ.

ಬೆನ್ನು ತೆರೆದ ಆ ಬ್ಲೌಸ್ ಹೊಲಿದುಕೊಟ್ಟವಳೂ ನಾನೇ. ನಿನಗಾಗ ಇಪ್ಪತ್ನಾಲ್ಕು. ರಬಾಳೆಯ ಕಂಪನಿಯಲ್ಲಿ ಕೆಲಸ. ರವಿವಾರ ಬಂತೆಂದರೆ ಸೀರೆಯುಟ್ಟು ಫೋಟೋ ತೆಗೆದು ಊರಿಗೆಲ್ಲ ತೋರಿಸುವ ಹುಚ್ಚು. “ಅತ್ತಿ, ಹಿಂದ ಬರೇ ಒಂದು ಡೋರಿ ಇರ್ಲಿ, ಬಾಕಿ ಎಲ್ಲಾ ಓಪನ್” ಅಂದೆ. ನಾನು ಬೈಯುತ್ತಲೇ ಹೊಲಿದೆ. ಫೋಟೋ ನೋಡಿ ಬೆಚ್ಚಿದೆ — ಬರಿಯ ಬೆನ್ನು ತೋರಿಸಿ, ಕತ್ತು ತಿರುಗಿಸಿ, ಏನು ಮಾಡ್ತೀರಿ ಮಾಡಿ ಅನ್ನುವಂತೆ ನಗುತ್ತಿದ್ದೆ ನೀನು.

“ಇದ್ರಾಗೇನ್ ಸುಖ ಅದವ್ವಾ ನಿನಗ?” ಎಂದು ಕೇಳಿದೆ.

“ಸುಖ ಅಲ್ಲ ಅತ್ತಿ, ತಾಕತ್. ಟ್ರೇನ್‌ನ್ಯಾಗ ಕದ್ದು ನೋಡ್ತಾರಲ್ಲ, ಅದು ಅವರ ಮರ್ಜಿ. ಇದು ನನ್ನ ಮರ್ಜಿ. ನನ್ನ ಬಾಡಿ, ನಾ ತೋರಸ್ತೀನಿ.”

“ತಾಕತ್ತೂ ಇಲ್ಲ, ಮಣ್ಣೂ ಇಲ್ಲ. ನೋಡೋರ ಕಣ್ಣಾಗ ನೀ ಬರೇ ಮೈ.”

“ಹೌದಾ? ಪ್ರೂವ್ ಮಾಡಿ ತೋರ್ಸು!” ಎಂದು ನಕ್ಕೆ ನೀನು.

ನಾನು ತೋರಿಸಿದೆ. ನಿನ್ನ ಫೋಟೋಗಳಿಗೆ ಹೊಗಳುವವರೇ ಹೆಚ್ಚು. ಒಬ್ಬಿಬ್ಬರು ಹಲ್ಕಟ್ ಮಾತಾಡಿದರೆ ನೀನು ನಗುತ್ತಲೇ ಬ್ಲಾಕ್ ಮಾಡುತ್ತಿದ್ದೆ. ಅಷ್ಟಕ್ಕೆಲ್ಲ ಇವಳಿಗೆ ಬುದ್ಧಿ ಬರುವುದಿಲ್ಲ ಅನ್ನಿಸಿತು ನನಗೆ. ಗಂಡಸಿನ ಹೆಸರಿನಲ್ಲಿ ಅಕೌಂಟ್ ತೆರೆದೆ. ಬೆಳಿಗ್ಗೆ ನೀನು ಸ್ಟೇಶನ್ನಿಗೆ ಹೊರಟದ್ದನ್ನು ಅಡಿಗೆಮನೆಯ ಕಿಟಕಿಯಿಂದ ನೋಡಿ, ನೀನು ಗಾಡಿ ಹತ್ತಿರಬಹುದು ಅನ್ನುವಾಗ ಹಿಂದಿಯಲ್ಲಿ ಬರೆದೆ — ಇವತ್ತು ಹಳದಿ ಕುರ್ತಾ ಅಲ್ಲವೇ, ಮುಚ್ಚಿಕೊಂಡರೇನು, ನಾನು ಎಲ್ಲ ನೋಡಿದ್ದೇನಲ್ಲ. ನೀನು ಬ್ಲಾಕ್ ಮಾಡಿದೆ. ಮರುದಿನ ನಾನು ಮತ್ತೊಂದು ಹೆಸರಿನಲ್ಲಿ ಬಂದೆ. ಹೀಗೆ ಹನ್ನೆರಡು ದಿನ.

ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ — ನನಗೆ ಹಿತವಾಗುತ್ತಿತ್ತು. ಹದಿನಾರರಿಂದ ಸೆರಗು ಎಳೆದುಕೊಂಡೇ ಬದುಕಿದವಳು ನಾನು. ಟ್ರೇನಿನ ಗರ್ದಿಯಲ್ಲಿ ಮೈ ತಾಗಿಸಿದವನನ್ನು ಒಮ್ಮೆಯೂ ತಿರುಗಿ ನೋಡಿದವಳಲ್ಲ. ಮೊದಲ ಸಲ ನಾನು ಯಾರಿಗೂ ಕಾಣದೆ ನೋಡುತ್ತಿದ್ದೆ, ಹೆದರುವವಳು ಇನ್ನೊಬ್ಬಳಾಗಿದ್ದಳು. ನಿನ್ನ ಮಾನ ಕಾಯುತ್ತಿದ್ದೇನೆ ಎಂದುಕೊಂಡದ್ದು ಸುಳ್ಳು. ಹೊಟ್ಟೆಕಿಚ್ಚು, ಮೇಘಾ — ನಿನ್ನ ಆ ಹೆದರದ ನಗು ನನಗೆ ಸಹಿಸಲಾಗಲಿಲ್ಲ.

ಹದಿಮೂರನೇ ದಿನ ನೀನು ಕೆಳಗಿಳಿದು ನನ್ನ ಹತ್ತಿರವೇ ಬಂದೆ. ಅಯ್ಯೋ ಶಿವನೇ, ನನ್ನ ಹತ್ತಿರವೇ! ಒಂದೊಂದನ್ನೂ ಓದಿ ಹೇಳಿದೆ. “ಅಂವ ನಮ್ಮ ಗಲ್ಲ್ಯಾಗೇ ಅದಾನ ಅತ್ತಿ. ದಿನಾ ನೋಡ್ತಾನ. ಪೊಲೀಸ್ ಕಂಪ್ಲೇಂಟ್ ಕೊಡೋಣ?” ನಿನ್ನನ್ನು ಅಪ್ಪಿಕೊಂಡು, “ಅಂವನ ಕೈ ಮುರದು ಬೀಳ್ಲಿ!” ಎಂದು ಶಪಿಸಿದೆ. ಆ ಕೈ ನಿನ್ನ ತಲೆ ಸವರುತ್ತಿತ್ತು. “ಪೊಲೀಸ್ರು ಬ್ಯಾಡವ್ವಾ, ಹೆಸರು ಕೆಡೋದು ನಿಂದೇ” ಅಂದೆ.

ನೀನು ಫೋಟೋಗಳನ್ನೆಲ್ಲ ಅಳಿಸಿದೆ. ತಿಂಗಳೊಳಗೆ ಕೆಲಸ ಬಿಟ್ಟೆ, ಬಂದ ಮೊದಲ ಸಂಬಂಧಕ್ಕೇ ಹೂಂ ಅಂದೆ. “ನೀ ಹೇಳಿದ್ದೇ ಬರೋಬರ್ ಇತ್ತು ಅತ್ತಿ” ಎಂದು ಮದುವೆಯ ದಿನ ನನ್ನ ಕಾಲಿಗೆ ಬಿದ್ದೆ. ನಾನು ಆಶೀರ್ವಾದ ಮಾಡಿದೆ.

ಇಷ್ಟು ದಿನ ಬಾಯಿ ಮುಚ್ಚಿಕೊಂಡವಳು ಈಗೇಕೆ ಎಂದು ನೀನು ಕೇಳಬಹುದು. ಹೋದ ತಿಂಗಳು ಕಳಂಬೋಲಿಗೆ ನಿನ್ನ ಮನೆಗೆ ಬಂದಿದ್ದೆನಲ್ಲ. ನಿನ್ನ ನಾಲ್ಕು ವರ್ಷದ ಮಗಳು ಹೊಸ ಫ್ರಾಕು ಹಾಕಿಕೊಂಡು ಬಾಲ್ಕನಿಯಲ್ಲಿ ಗಿರಗಿರ ತಿರುಗುತ್ತಿದ್ದಳು. ನೀನು ಓಡಿಹೋಗಿ ಒಂದು ಏಟು ಹಾಕಿ ಒಳಗೆಳೆದೆ. “ಯಾರರೆ ನೋಡ್ತಿರ್ತಾರ!” ಎದುರಿಗೆ ಬೀಗ ಹಾಕಿದ ಕಬ್ಬಿಣದ ಗೋದಾಮು, ಒಂದು ನರಪಿಳ್ಳೆಯೂ ಇರಲಿಲ್ಲ. ಮಗು ಬಿಕ್ಕುತ್ತ ಕೇಳಿತು, “ಕೌನ್ ದೇಖತಾ ಹೈ, ಮಮ್ಮೀ?” ಯಾರು ನೋಡುತ್ತಾರೆ ಎಂಬುದರ ಉತ್ತರ ನನ್ನಲ್ಲಿತ್ತು. ಚಹಾ ಕುಡಿದು ಎದ್ದು ಬಂದೆ.

ಮೈ ತೋರಿಸಿದರೆ ಹೆಣ್ಣಿಗೆ ತಾಕತ್ತು ಬರುತ್ತದೆಯೋ ಇಲ್ಲವೋ — ಇವತ್ತಿಗೂ ನನಗೆ ಗೊತ್ತಿಲ್ಲ. ಕಾಣದ ಒಂದು ಕಣ್ಣಿಗೇ ಉದುರಿಹೋದದ್ದು ಎಂಥ ತಾಕತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮರುಗಳಿಗೆಯೇ — ಆ ಕಣ್ಣು ಯಾರದು? ತಾಕತ್ತು ಬರುತ್ತದೆಯೋ ಇಲ್ಲವೋ ಎಂಬುದನ್ನು ನೀನೇ ಬದುಕಿ ಕಂಡುಕೊಳ್ಳಬೇಕಿತ್ತು. ಬೇಲಿಯೇ ಎದ್ದು ಹೊಲ ಮೇಯಿತು.

ನಿನಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಗೊತ್ತಿದ್ದೇ ಕನ್ನಡದಲ್ಲಿ ಬರೆದೆನೇನೋ — ಹೇಡಿ ನಾನು. ಅದಕ್ಕೇ ಈ ರವಿವಾರ ನಿನ್ನ ಮನೆಗೆ ಬಂದು, ಎದುರಿಗೆ ಕೂತು, ನಾನೇ ಓದುತ್ತೇನೆ. ಕ್ಷಮಿಸು ಅನ್ನುವುದಿಲ್ಲ. ಬಾಗಿಲು ತೋರಿಸಿದರೆ ಹೊರಡುತ್ತೇನೆ. ಓದಿ ಮುಗಿಯುವ ತನಕ ಮಾತ್ರ ನನ್ನನ್ನು ನೋಡು, ಮೇಘಾ. ನಾನು ಮುಖ ಮುಚ್ಚಿಕೊಳ್ಳುವುದಿಲ್ಲ.