ಮನೆಗೆ ಹೊರಟವನ ಮಾತು

ಸಿಟ್ಟು ಬಂದರೆ ಆತನ ಕಿವಿ ಮೊದಲು ಕೆಂಪಾಗುತ್ತಿತ್ತು, ಆಮೇಲೆ ಮೂಗು. ಕೆಂಪು ಕೆನ್ನೆಗೆ ಇಳಿಯುವ ಹೊತ್ತಿಗೆ ನಾನು ಬಾಗಿಲು ಹಾಕಿಕೊಂಡಿರುತ್ತಿದ್ದೆ. ಅಮೆರಿಕದ ಕ್ಯಾರಿ ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಂಟಿಯಾಗಿದ್ದ, ಬ್ರಿಟನ್ನಿನಿಂದ ಬಂದ ಆ ಮುದುಕನಿಗೆ ನಮ್ಮ ಒಗ್ಗರಣೆಯ ಘಾಟು ಆಗದು, ಕುಕ್ಕರಿನ ಸೀಟಿ ಆಗದು. ನನಗಂತೂ ಆತನೇ ಆಗದು.

ಒಂದು ವರ್ಷ ಗಣೇಶನ ಹಬ್ಬಕ್ಕೆ ಬಂದವರ ಕಾರುಗಳು ಆತನ ಹುಲ್ಲಿನ ಅಂಚು ತುಳಿದವು. ಆತ ಪೈಪು ಹಿಡಿದು, ಹುಲ್ಲಿನ ಜೊತೆಗೆ ಕಾರಿನಿಂದ ಇಳಿಯುತ್ತಿದ್ದ ರೇಷ್ಮೆ ಸೀರೆಗಳಿಗೂ ನೀರು ಬಿಟ್ಟ. ನನ್ನ ಗಂಡ ಸಮಾಧಾನ ಮಾಡಲು ಹೋಗಿ, “ಪ್ಲೀಸ್ ಅಂಕಲ್, ಇಂಗ್ಲಿಷ್ ಜನ ತುಂಬಾ ಪೊಲೈಟ್ ಅಂತ ಕೇಳಿದ್ದೆ” ಎಂದುಬಿಟ್ಟರು. ಕಿವಿ, ಮೂಗು, ಕೆನ್ನೆ ಎಲ್ಲ ಒಟ್ಟಿಗೇ ಕೆಂಪಾದವು.

“ನಾನು ಇಂಗ್ಲೆಂಡಿನವನಲ್ಲ! ವೇಲ್ಸ್‌ನವನು! ನನ್ನ ಭಾಷೆಯೇ ಬೇರೆ!”

“ಮತ್ತೆ ನಮ್ಮನ್ನ ಹಿಂದಿಯವರು ಅಂತೀರಲ್ಲ? ನಮ್ಮದು ಕನ್ನಡ!” ಎಂದು ನಾನೂ ಕಿರುಚಿದೆ.

ಆತ ತನ್ನ ಬಾಗಿಲ ಮೇಲಿನ ಮರದ ಹಲಗೆಯತ್ತ ಬೆರಳು ತೋರಿಸಿದ. ಅದರಲ್ಲಿದ್ದದ್ದು ‘ಕಾರ್ತ್ರೆವ್’. ಕಾರ್ ಎಂದರೆ ಬಂಧು, ತ್ರೆವ್ ಎಂದರೆ ಹಿಂದಿನವರ ವಾಸದ ನೆಲೆ, ಕೂಡಿದರೆ ಮನೆ ಎಂದು ಜಗಳದ ದನಿಯಲ್ಲೇ ಪಾಠ ಶುರು ಮಾಡಿದ. ಮನೆಯಲ್ಲಿದ್ದೇನೆ ಎನ್ನುವಾಗ ಮೊದಲಿನ ಕ ಮೆತ್ತಗಾಗಿ ‘ಗಾರ್ತ್ರೆವ್’. ಮನೆಗೆ ಹೊರಟರೆ ‘ಆದ್ರೆವ್’, ಅಲ್ಲಿ ಕಾರ್ ಇಲ್ಲ, ತ್ರೆವ್‌ನ ತ ಹೋಗಿ ದ.

“ಇದೇನ್ ಮಹಾ! ಮಳೆ, ಕಾಲ ಸೇರಿದ್ರೆ ಮಳೆಗಾಲ. ನಮ್ಮಲ್ಲಿ ಸ್ಕೂಲ್ ಮಕ್ಕಳಿಗೂ ಗೊತ್ತು,” ಎಂದೆ.

“ಹಾಗಾದರೆ ನಿಮ್ಮದೂ ಭಾಷೆಯೇ ಇರಬೇಕು,” ಎಂದು ಗೊಣಗಿ ಆತ ಮತ್ತೆ ಪೈಪು ಎತ್ತಿಕೊಂಡ.

ಕೆಲವು ವರ್ಷಗಳ ಮೇಲೆ ಆತನಿಗೆ ಸ್ಟ್ರೋಕ್ ಆಯಿತು. ನಾನು ಥೆರಪಿಸ್ಟ್ ಆಗಿದ್ದ, ಪಕ್ಕದ ಊರು ಡರ್ಹಮ್‌ನ ಸಣ್ಣ ಆಸ್ಪತ್ರೆಗೇ ತಂದು ಮಲಗಿಸಿದರು. ಬಾಯಲ್ಲಿ ಇಂಗ್ಲಿಷ್ ಉಳಿದಿರಲಿಲ್ಲ. “ಬುದ್ಧಿ ಸ್ಥಿಮಿತದಲ್ಲಿಲ್ಲ, ಏನೇನೋ ಬಡಬಡಿಸುತ್ತಾರೆ. ಇನ್ನು ವೃದ್ಧಾಶ್ರಮಕ್ಕೇ ಕಳಿಸಬೇಕು,” ಎಂದರು ಡಾಕ್ಟರು. ಹಾಸಿಗೆಯಿಂದ ಒಂದೇ ಸಮನೆ ಕೇಳುತ್ತಿತ್ತು: ಆದ್ರೆವ್, ಆದ್ರೆವ್. ನಾನು ಡಾಕ್ಟರ ಕಡೆ ತಿರುಗಿದೆ.

“ಬಡಬಡಿಕೆ ಅಲ್ಲ ಡಾಕ್ಟರ್. ಅದು ವೆಲ್ಷ್, ವೇಲ್ಸ್‌ನ ಭಾಷೆ. ಮನೆಗೆ ಹೋಗ್ಬೇಕು ಅಂತಿದ್ದಾರೆ.”

ಫೋನಿನಲ್ಲಿ ದುಭಾಷಿಯೊಬ್ಬಳನ್ನು ಹಿಡಿದೆವು. ಆಕೆ ಕೇಳಿದ್ದಕ್ಕೆಲ್ಲ ಆತ ಸರಿಯಾಗಿ ಉತ್ತರ ಕೊಟ್ಟ. ನಾನೂ ನಡುನಡುವೆ ‘ಆದ್ರೆವ್’ ಎಂದು ದನಿಗೂಡಿಸಿದೆ. ಕೊನೆಗೆ ಆಕೆ ಸಂಕೋಚದಿಂದ ಹೇಳಿದಳು: “ಪಕ್ಕದಲ್ಲಿ ನಿಂತಿರುವ ಹೆಂಗಸನ್ನು ಆಚೆ ಕಳಿಸಬೇಕಂತೆ. ಅವರ ಉಚ್ಚಾರಣೆ ಸಹಿಸೋಕಾಗಲ್ಲವಂತೆ.”

ಆತ ಮನೆಗೆ ಹೋದ, ಮನೆಯಲ್ಲೇ ಸತ್ತ. ನನಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಆತನ ಮೇಲಿನ ನನ್ನ ಸಿಟ್ಟೂ ಪೂರ್ತಿ ಇಳಿದಿಲ್ಲ. ಆದರೆ ಈಗ ಯಾವುದೇ ರೋಗಿಯನ್ನು ತೋರಿಸಿ, ಏನೋ ಬಡಬಡಿಸುತ್ತಿದ್ದಾರೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತೇನೆ: ಯಾವ ಭಾಷೆಯಲ್ಲಿ?